ನಾಲ್ಕು ಮಾರು ನೀರು

ಹೆಡ್ಲಿ ಟ್ರೆಂಬಾತ್‌ನ ಎಡಮಂಡಿ ಸವೆದುಹೋಗಿದೆ ಎಂಬ ಸಂಗತಿ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಕ್ಯಾಂಬೋರ್ನ್‌ನ ಡಾಕ್ಟರು, ಒಬ್ಬಳು ಹೆಂಡತಿ ಥೆಲ್ಮಾ, ಇನ್ನೊಬ್ಬಳು ವೇಲ್ಸ್‌ನಲ್ಲಿರುವ ಡಿಲಿಸ್ ಎಂಬ ವಿಧವೆ. ಹೆಡ್ಲಿ ಕಾರ್ನ್‌ವಾಲ್‌ನ ಶಾಲೆಯೊಂದರ ಕೇರ್‌ಟೇಕರ್. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಏಣಿ ಹತ್ತಲಾಗದ ಮನುಷ್ಯ ಎಂದು ತಿಳಿದರೆ ಮುಖ್ಯೋಪಾಧ್ಯಾಯಿನಿ ನಯವಾಗಿ ಮನೆಗೆ ಕಳಿಸಿಬಿಡುತ್ತಾಳೆಂಬ ಭಯಕ್ಕೆ, ಮೂವತ್ತು ವರ್ಷದಿಂದ ಜೊತೆಗೆ ಹಾಡುತ್ತಿದ್ದ ಗೆಳೆಯರಿಗೂ ಅವನು ಅದನ್ನು ಹೇಳಿರಲಿಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಏಳಕ್ಕೆ, ಚಹಾದ ಲೋಟ ಪಕ್ಕಕ್ಕಿಟ್ಟುಕೊಂಡು ಅವನು ಕಂಪ್ಯೂಟರ್ ತೆರೆದ. ಷೇರು ಚರ್ಚೆಯ ತಾಣದಲ್ಲಿ ಅವನ ಹೆಸರಿಗೊಂದು ಖಾಸಗಿ ಸಂದೇಶ ಬಂದಿತ್ತು. ಕಳಿಸಿದವನು ಗ್ರೇಹೆರನ್. ಒಂದು ವರ್ಷದಿಂದ ಹೆಡ್ಲಿ ಹಗಲೂ ಇರುಳೂ ಶಪಿಸುತ್ತಿದ್ದ ಹೆಸರು ಅದು. ಮೊನ್ನೆಯಷ್ಟೇ ಅವನ ಊರನ್ನೇ ನೆಲಕ್ಕೆ ಕೆಡವಿದ ಹೆಸರು. ಏನು ಅಣಕಿಸಿದ್ದಾನೋ ನೋಡೋಣ ಎಂದು ಹಲ್ಲು ಕಚ್ಚಿ ತೆರೆದ.

'ಪ್ರೀತಿಯ ಹೆಡ್ಲಿ, ನಿನ್ನೆ ರಾತ್ರಿ ನಿದ್ದೆ ಬಂತಾ? ಮಂಡಿ ಹೇಗಿದೆ? ಬಿಸಿನೀರಿನ ಚೀಲ ಇಟ್ಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಇವತ್ತು ಬೆಲೆ ನೋಡಲೇಬೇಡಿ, ಸಂಕಟ ಆಗತ್ತೆ. ನಿಮ್ಮ ಡಿಲಿಸ್.'

ಅವನು ಮೂರು ಸಲ ಓದಿದ. ಮೇಲೆ ಕಳಿಸಿದವನ ಹೆಸರು ನೋಡಿದ, ಕೆಳಗೆ ರುಜು ನೋಡಿದ. ಮತ್ತೆ ಮೇಲೆ ನೋಡಿದ. ಒಳಗಿನಿಂದ ಥೆಲ್ಮಾ "ಹೆಡ್ಲಿ, ಟೋಸ್ಟ್ ಆರಿಹೋಗ್ತಿದೆ" ಎಂದು ಎರಡು ಸಲ ಕೂಗಿದಳಂತೆ. ಅವನಿಗೆ ಕೇಳಿಸಲಿಲ್ಲ.

ಹೆಡ್ಲಿ ಹದಿನಾರನೇ ವಯಸ್ಸಿಗೆ ವೀಲ್ ಪ್ರಿಸ್ಕ್ ತವರದ ಗಣಿಗೆ ಇಳಿದವನು. ಅವನ ಅಪ್ಪ, ಅಜ್ಜ, ಅಜ್ಜನ ಅಣ್ಣ ಎಲ್ಲರೂ ಅದೇ ಬಾಯಿಂದ ಒಳಗಿಳಿದವರು. ಅವನಿಗೆ ನಲವತ್ತೆರಡಾದಾಗ ಗಣಿ ಮುಚ್ಚಿತು. ನೀರೆತ್ತುವ ಪಂಪುಗಳನ್ನು ನಿಲ್ಲಿಸಿದ ದಿನ ಊರಿನವರೆಲ್ಲ ಬೇಲಿಯ ಬಳಿ ನಿಂತು ಆ ಸದ್ದು ನಿಲ್ಲುವುದನ್ನು ಕೇಳಿಸಿಕೊಂಡರು. ಆಮೇಲೆ ಇಪ್ಪತ್ತು ವರ್ಷ ಹೆಡ್ಲಿ ಶಾಲೆಯ ಬಾಯ್ಲರ್ ನೋಡಿಕೊಂಡ, ಒಡೆದ ಗಾಜು ಬದಲಾಯಿಸಿದ, ಮಕ್ಕಳು ಛಾವಣಿಗೆ ಎಸೆದ ಚೆಂಡು ಇಳಿಸಿಕೊಟ್ಟ. ಮಂಗಳವಾರ ಸಂಜೆ ಚಾಪೆಲ್‌ನ ಹಾಲ್‌ನಲ್ಲಿ ಗಂಡಸರ ಗಾಯನ ತಂಡ ಸೇರುತ್ತಿತ್ತು, ಅಲ್ಲಿ ಮಂದ್ರದ ಸಾಲಿನಲ್ಲಿ ನಿಂತು ಹಾಡಿದ. ಸದ್ದಿಲ್ಲದ ಬದುಕು ಅದು.

ಹೀಗಿರುವಾಗ ಲಂಡನ್ನಿನ ಕಂಪನಿಯೊಂದು ವೀಲ್ ಪ್ರಿಸ್ಕ್ ಮತ್ತೆ ತೆರೆಯುತ್ತೇವೆಂದು ಬಂತು. ಫೋನುಗಳಿಗೆ, ಬ್ಯಾಟರಿ ಕಾರುಗಳಿಗೆ ತವರ ಬೇಕಂತೆ, ಬೆಲೆ ಏರಿದೆಯಂತೆ. ಗಣಿಯಲ್ಲಿ ತುಂಬಿದ ನೀರನ್ನು ಹದಿನೆಂಟು ತಿಂಗಳಲ್ಲಿ ಹೊರಹಾಕಿ ಕೆಲಸ ಶುರುಮಾಡುತ್ತಾರಂತೆ. ಕಂಪನಿಯ ಮುಖ್ಯಸ್ಥ ಹ್ಯಾಡ್ಲೋ ಎಂಬಾತ ಹೊಸ ರಬ್ಬರ್ ಬೂಟು ತೊಟ್ಟು ಚಾಪೆಲ್ ಹಾಲ್‌ಗೆ ಬಂದು, ಎಲ್ಲರ ಕೈಕುಲುಕಿ, ಪೇಸ್ಟಿ ಎಂಬ ಊರಿನ ಮಾಂಸದ ಕಡುಬು ತಿಂದು ಹೋದ. ಅವನು ಹೋದ ವಾರವೇ ಹೆಡ್ಲಿ ಗಣಿಯಿಂದ ಬಂದಿದ್ದ ಪಿಂಚಣಿಯ ಗಂಟಿನಲ್ಲಿ ಅರ್ಧ ಪಾಲು ಹಾಕಿ ಪ್ರಿಸ್ಕ್ ಷೇರು ಕೊಂಡ. ಲಾಭಕ್ಕಾಗಿಯಲ್ಲ ಎಂದು ಥೆಲ್ಮಾಳಿಗೆ ಹೇಳಿದ. ಅದು ಅರ್ಧ ನಿಜ.

ಷೇರು ಕೊಂಡ ಮೇಲೆ ಅದರ ಬಗ್ಗೆ ಮಾತಾಡುವ ಜಾಗವೂ ಸಿಕ್ಕಿತು. ಇಂಟರ್‌ನೆಟ್ಟಿನ ಆ ಚರ್ಚಾಕಟ್ಟೆಯಲ್ಲಿ ಪ್ರತಿ ಕಂಪನಿಗೂ ಒಂದೊಂದು ಮೂಲೆಯಿತ್ತು. ಹೆಡ್ಲಿ 'ಪ್ರಿಸ್ಕ್‌ಮ್ಯಾನ್' ಎಂಬ ಹೆಸರಿಟ್ಟುಕೊಂಡು ಒಳಹೊಕ್ಕ. ತಿಂಗಳೊಳಗೆ ಅಲ್ಲಿಯ ದೊಡ್ಡ ಮನುಷ್ಯನಾದ. ಬರ್ಮಿಂಗ್‌ಹ್ಯಾಮ್, ಲೀಡ್ಸ್, ಎಲ್ಲೆಲ್ಲಿಯವರೋ ಅವನನ್ನು ಪ್ರಶ್ನೆ ಕೇಳಿದರು. ಅವನು ಗಣಿಯ ಗೋಪುರದ ಫೋಟೋ ಹಾಕಿದ, ಎಷ್ಟನೇ ಮಟ್ಟದಲ್ಲಿ ತವರದ ಎಳೆ ಎಷ್ಟು ದಪ್ಪವಿತ್ತೆಂದು ನೆನಪಿನಿಂದ ಬರೆದ. ಶಾಲೆಯಲ್ಲಿ ಇಪ್ಪತ್ತು ವರ್ಷ ಯಾರೂ ಕೇಳದಿದ್ದ ವಿಷಯಗಳು ಅವು. ಅವನ ಉಮೇದು ನೋಡಿ ಗಾಯನ ತಂಡದ ಹದಿನೇಳು ಮಂದಿಯೂ ಷೇರು ಕೊಂಡರು.

ಆಗ ಬಂದ ಗ್ರೇಹೆರನ್.

ಅವನು ಬೈಯುತ್ತಿರಲಿಲ್ಲ. ಅದೇ ಹೆಡ್ಲಿಗೆ ಮೈಯುರಿ. ಕಂಪನಿಯ ಪ್ರಕಟಣೆಗಳು ಬೆಳಿಗ್ಗೆ ಏಳಕ್ಕೆ ಬರುತ್ತಿದ್ದವು, ವ್ಯಾಪಾರ ಎಂಟಕ್ಕೆ ಶುರು. ನಡುವಿನ ಆ ಒಂದು ಗಂಟೆ ಜನ ಬೆರಳು ಕಚ್ಚುತ್ತ ಕೂತಿರುವಾಗ ಗ್ರೇಹೆರನ್ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದ. 'ನನಗೆ ಗೊತ್ತಿಲ್ಲ, ಕೇಳ್ತಿದ್ದೇನೆ ಅಷ್ಟೇ. ಪಂಪಿನ ಗುತ್ತಿಗೆದಾರ ಯಾಕೆ ಬದಲಾದ?' ಐದು ನಿಮಿಷಕ್ಕೆ ಇನ್ನೊಂದು ಹೊಸ ಹೆಸರು ಬಂದು ನಿಟ್ಟುಸಿರು ಬಿಡುತ್ತಿತ್ತು: 'ಒಳ್ಳೇ ಪ್ರಶ್ನೆ. ನಾನೂ ಎರಡು ವರ್ಷ ನಂಬಿದವನೇ. ನಿನ್ನೆ ಅತ್ಕೊಂಡು ಮಾರಿಬಿಟ್ಟೆ.' ಮೂರನೆಯ ಹೆಸರು ಅದಕ್ಕೆ ಸಮಾಧಾನ ಹೇಳುತ್ತಿತ್ತು. ಎಂಟು ಗಂಟೆಗೆ ಬೆಲೆ ಕುಸಿಯುತ್ತಿತ್ತು. ರಜೆಯ ಹಿಂದಿನ ಶುಕ್ರವಾರ ಸಂಜೆಗಳಲ್ಲಿ, ಜನ ಮೂರು ದಿನ ಒಳಗೊಳಗೇ ಬೇಯಲೆಂದು, ಹ್ಯಾಡ್ಲೋನ ಹಳೆಯ ಕಂಪನಿಗಳ ಕಥೆ ಬಿಡುತ್ತಿದ್ದ. ಒಂದು ನಿಜಕ್ಕೆ ಎರಡು ಅನುಮಾನ ಬೆರೆಸಿ ಬಡಿಸುತ್ತಿದ್ದ.

"ಇವನಿಗೇನು ಲಾಭವೋ? ನಮ್ಮ ಗಣಿ ಇವನಿಗೇನು ಮಾಡಿದೆ?" ಎಂದು ಒಂದು ಮಂಗಳವಾರ ಚಹಾದ ಹೊತ್ತಿಗೆ ಹೆಡ್ಲಿ ಕೂಗಾಡಿದ.

ಗಾರ್‌ಫೀಲ್ಡ್ ಉರೆನ್ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಮಂದ್ರದ ಸಾಲಿನಲ್ಲಿ ಹೆಡ್ಲಿಯ ಪಕ್ಕದಲ್ಲೇ ನಿಲ್ಲುವವನು. ಎಲ್ಲರ ಚಹಾ ಬೆರೆಸುವ ಕೆಲಸವೂ ಅವನದೇ. "ಶಾರ್ಟ್ ಮಾಡೋನು ಕಣೋ ಅವನು," ಎಂದ. "ಷೇರು ಬಿದ್ದಷ್ಟೂ ಅವನಿಗೆ ದುಡ್ಡು. ನೋಡು, ನಿನ್ನ ವ್ಯಾನು ನಾನೊಂದು ವಾರಕ್ಕೆ ಎರವಲು ತಗೊಂಡೆ ಅಂದ್ಕೊ. ತಗೊಂಡೋಗಿ ರೆಡ್ರೂತ್‌ನಲ್ಲಿ ಎರಡು ಸಾವಿರ ಪೌಂಡಿಗೆ ಮಾರಿಬಿಟ್ಟೆ."

"ಮಾರಿ ನೋಡು, ಕಾಲು ಮುರೀತೀನಿ."

"ತಡಿ ಮಾರಾಯ. ಆಮೇಲೆ ಪಬ್ಬಿನಲ್ಲೆಲ್ಲ ಹೇಳ್ಕೊಂಡು ಬರ್ತೀನಿ, ಆ ಥರದ ವ್ಯಾನು ದಾರಿ ಮಧ್ಯ ಹೊತ್ಕೊಂಡು ಉರಿಯುತ್ತೆ ಅಂತ. ಕೊಂಡೋನು ಹೆದರಿ ಇನ್ನೂರಕ್ಕೆ ಕೊಡ್ತಾನೆ. ವಾಪಸ್ ತಂದು ಭಾನುವಾರ ನಿನ್ನ ಮನೆ ಮುಂದೆ ನಿಲ್ಲಿಸ್ತೀನಿ. ನಿನ್ನ ವ್ಯಾನು ನಿನಗೆ ಬಂತು, ಉಳಿದದ್ದು ನನ್ನ ಜೇಬಿಗೆ."

"ಆದ್ರೆ ನನ್ನ ವ್ಯಾನಿನ ಬೆಲೆ ಇನ್ನೂರಾಯ್ತಲ್ಲೋ!"

"ಈಗ ತಲೆಗೆ ಹೋಯ್ತು ನೋಡಿ ಇವನಿಗೆ."

ಬಾಗಿಲ ಬಳಿ ಕ್ಲೆಮೆಂಟ್ ರೌಸ್ ನಿಂತಿದ್ದ. ಹಳೆಯ ಗಣಿಯಲ್ಲಿ ಹೆಡ್ಲಿಯ ಜೋಡಿಯಾಗಿದ್ದವನು, ಹೊಸ ಕಂಪನಿಯಲ್ಲಿ ಪಂಪು ನೋಡಿಕೊಳ್ಳುವ ಕೆಲಸ ಸಿಕ್ಕ ಪುಣ್ಯಾತ್ಮ. ಅವನು ಕೇಳಿದ: "ಅಲ್ಲಾ ಗಾರ್‌ಫೀಲ್ಡ್, ವ್ಯಾನು ನಿಜವಾಗ್ಲೂ ಹೊತ್ಕೊಳ್ಳೋ ಅಂಥದ್ದೇ ಆಗಿದ್ರೆ?"

"ಆಗ ಅವನು ಹೇಳಿದ್ದು ಉಪಕಾರ ಆಯ್ತು. ಅವನಿಗೆ ಮಾತ್ರ ಎರಡೂ ಒಂದೇ."

ಎಲ್ಲರೂ ನಕ್ಕರು. ಕ್ಲೆಮೆಂಟ್ ನಗಲಿಲ್ಲ ಎಂಬುದನ್ನು ಹೆಡ್ಲಿ ಗಮನಿಸಿದ್ದು ಆಮೇಲೆ, ತುಂಬಾ ಆಮೇಲೆ.

ಅವತ್ತಿನಿಂದ ಹೆಡ್ಲಿ ಚರ್ಚಾಕಟ್ಟೆಯಲ್ಲಿ ಕಾವಲುಗಾರನಾದ. ಯಾರು ಅನುಮಾನ ಎತ್ತಿದರೂ 'ಎಷ್ಟು ಕೊಟ್ರು ನಿನಗೆ?' ಎಂದು ಬರೆದ. 'ಕಾರ್ನ್‌ವಾಲ್ ಕಣ್ಣಲ್ಲೂ ನೋಡಿಲ್ಲ, ಲಂಡನ್ನಿನಲ್ಲಿ ಕೂತು ಬೊಗಳ್ತೀಯ' ಎಂದು ಬರೆದ. ತನ್ನ ಮಕ್ಕಳಿಗೆ ಗದರಿ ಗೊತ್ತಿಲ್ಲದ ಮನುಷ್ಯ, ಕಾಣದ ಜನರಿಗೆ ಬೆಳಗಿನ ಜಾವ ಎದ್ದು ಕೂತು ಬೈದ.

ಡಿಲಿಸ್‌ಳ ಮೊದಲ ಸಂದೇಶ ಬಂದದ್ದು ಅಂಥದೇ ಒಂದು ಜಗಳದ ಮರುದಿನ. 'ನಿಮಗೆ ಪರಿಚಯವಿಲ್ಲ. ನನ್ನ ಗಂಡ ಕಲ್ಲಿದ್ದಲ ಗಣಿಯವರು, ತೀರಿಹೋಗಿ ಆರು ವರ್ಷ. ಅವರ ನೆನಪಿಗೆ ಪ್ರಿಸ್ಕ್ ಷೇರು ಕೊಂಡಿದ್ದೇನೆ. ನೀವು ಬರೆಯುವುದು ಓದಿದರೆ ಅವರು ಮಾತಾಡಿದ ಹಾಗೇ ಅನ್ನಿಸುತ್ತೆ. ಆ ಮುಠ್ಠಾಳರ ಮಾತಿಗೆ ನೊಂದ್ಕೋಬೇಡಿ.' ಹೆಡ್ಲಿ ಎರಡು ಸಾಲಿನ ಉತ್ತರ ಬರೆದ. ಅವಳು ಹತ್ತು ಸಾಲು ಬರೆದಳು. ಹನ್ನೊಂದು ತಿಂಗಳು ಹೀಗೆ ನಡೆಯಿತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪ್ರೇಮವಲ್ಲ, ಸರಸವಲ್ಲ. ಅವಳು ಕೇಳುತ್ತಿದ್ದಳು, ಇವನು ಹೇಳುತ್ತಿದ್ದ, ಅಷ್ಟೇ. ಕತ್ತಲೆಯಲ್ಲಿ ಬಂಡೆ ಕುಸಿದು ಅಪ್ಪ ಸತ್ತ ದಿನದ ಬಗ್ಗೆ ಹೇಳಿದ. ಮಂಡಿಯ ಬಗ್ಗೆ ಹೇಳಿದ. ಅವಳು ಸದಾ ಕೊನೆಯಲ್ಲಿ ಒಂದು ಪುಟ್ಟ ಪ್ರಶ್ನೆ ಇಡುತ್ತಿದ್ದಳು: 'ಗಣಿಯಲ್ಲಿ ನಿಮ್ಮ ಗೆಳೆಯರು ಹೇಗಿದ್ದಾರೆ? ಪಂಪಿನ ಕೆಲಸ ಸಾಗಿದೆಯಾ?'

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕ್ಲೆಮೆಂಟ್ ಶಾಲೆಯ ಗೇಟಿನ ಬಳಿ ಕಾದಿದ್ದ.

"ನೀರು ಇಳೀತಿಲ್ಲ ಕಣೋ," ಎಂದ ಕ್ಲೆಮೆಂಟ್. "ಎರಡು ತಿಂಗಳು ಹಗಲೂ ರಾತ್ರಿ ಎತ್ತಿದೀವಿ. ಇಳಿದದ್ದು ನಾಲ್ಕು ಮಾರು. ಬರೀ ನಾಲ್ಕು. ಹೋದ ವಾರ ಒಂದು ಪಂಪು ರಿಪೇರಿಗೆ ನಿಲ್ಸಿದ್ರೆ ಮೂರೇ ದಿನದಲ್ಲಿ ನಾಲ್ಕೂ ವಾಪಸ್ ತುಂಬ್ಕೊಳ್ತು."

"ಎಲ್ಲಿಂದ ಬರ್ತಿದೆ?"

"ಪಕ್ಕದ ಹಳೇ ಗಣಿಗಳಿಂದ. ಎಲ್ಲಾ ಒಳಗೊಳಗೇ ಕೂಡಿಬಿಟ್ಟಿವೆ. ನಾವು ಒಂದು ಗಣಿ ಬತ್ತಿಸ್ತಿಲ್ಲ ಹೆಡ್ಲಿ, ಜಿಲ್ಲೇನೇ ಬತ್ತಿಸ್ತಿದೀವಿ. ಹ್ಯಾಡ್ಲೋಗೆ ಗೊತ್ತು. ಆದ್ರೂ 'ತೃಪ್ತಿಕರ ಪ್ರಗತಿ' ಅಂತ ಬರೆಸಿದಾನೆ. ಹೊಟ್ಟೇಲಿಟ್ಕೋ ಇದನ್ನ. ನನ್ನ ಕೆಲಸ ಹೋಗುತ್ತೆ."

ಹೆಡ್ಲಿ ಹೊಟ್ಟೆಯಲ್ಲಿಟ್ಟುಕೊಂಡ. ಚರ್ಚಾಕಟ್ಟೆಯಲ್ಲಿ ಅವತ್ತು ಸಂಜೆ ಎಂದಿನಂತೆ 'ಎಲ್ಲಾ ಸುಸೂತ್ರ, ಹೆದರುವವರು ಹೆದರಲಿ' ಎಂದು ಬರೆದ. ಮಂಗಳವಾರ ಗಾರ್‌ಫೀಲ್ಡ್ ಅವನನ್ನು ಪಕ್ಕಕ್ಕೆ ಕರೆದ. "ಮಗಳ ಮನೆ ಮುಂಗಡಕ್ಕೆ ಅಂತ ಇಟ್ಟಿದ್ದು ಸ್ವಲ್ಪ ಇದೆ. ಇದರಲ್ಲಿ ಹಾಕಿ ಒಂದು ವರ್ಷ ಬಿಟ್ರೆ ಅವಳಿಗೂ ಅನುಕೂಲ. ಏನಂತೀಯ? ನಿನಗೆ ಒಳಗಿನೋರೆಲ್ಲ ಗೊತ್ತಲ್ಲ." ಹೆಡ್ಲಿಯ ನಾಲಿಗೆಯ ತುದಿಗೆ ನಾಲ್ಕು ಮಾರು ಬಂದು ನಿಂತಿತು. ಹೇಳಿದರೆ ಕ್ಲೆಮೆಂಟ್‌ಗೆ ಕುತ್ತು. ಹೇಳಿದರೆ ಹದಿನೇಳು ಮಂದಿ ಮಾರುತ್ತಾರೆ, ಬೆಲೆ ಬೀಳುತ್ತದೆ, ಗಣಿ ತೆರೆಯುವುದೇ ಇಲ್ಲ. ಹೇಳಿದರೆ, ಒಂದು ವರ್ಷ ಎಲ್ಲರಿಗೂ ಗಣಿಯ ಪೌರೋಹಿತ್ಯ ಮಾಡಿದ ತಾನು ಏನಾಗುತ್ತೇನೆ? "ಭಯ ಏನಿಲ್ಲ," ಎಂದ. ಆ ಎರಡು ಮಾತು ಹೊರಬಂದ ರೀತಿಗೆ ಅವನಿಗೇ ಮುಖ ಬಿಸಿಯಾಯಿತು.

ಎದೆಯ ಮೇಲಿನ ಆ ಭಾರವನ್ನು ಎಲ್ಲಾದರೂ ಇಳಿಸಲೇಬೇಕಿತ್ತು. ಡಿಲಿಸ್‌ಗೆ ಬರೆದ. ನಾಲ್ಕು ಮಾರು, ಮೂರು ದಿನ, ಪಕ್ಕದ ಗಣಿಗಳು, ಎಲ್ಲವನ್ನೂ. 'ನಿಮ್ಮೊಬ್ಬರಿಗೇ ಹೇಳ್ತಿದ್ದೇನೆ. ಸದ್ದಿಲ್ಲದೆ ಮಾರಿಬಿಡಿ, ನೀವು ಒಂಟಿ ಹೆಂಗಸು.' ಅವಳು ಬರೆದಳು: 'ನಾನು ಮಾರಲ್ಲ ಹೆಡ್ಲಿ. ನಿಮ್ಮ ಜೊತೆಗೇ ಇರ್ತೇನೆ.' ಅದನ್ನು ಓದಿ ಅವನ ಕಣ್ಣು ತುಂಬಿಬಂದಿತ್ತು.

ಮಾರ್ಚ್‌ನ ಆ ಮಂಗಳವಾರ, ಬೆಳಿಗ್ಗೆ ಏಳೂಕಾಲಿಗೆ, ಗ್ರೇಹೆರನ್ ಬರೆದ: 'ಒಂದೇ ಪ್ರಶ್ನೆ. ಎರಡು ತಿಂಗಳು ಎತ್ತಿ ಇಳಿದದ್ದು ನಾಲ್ಕು ಮಾರು, ಮೂರು ದಿನದಲ್ಲಿ ವಾಪಸ್ ತುಂಬಿದ್ದೂ ನಾಲ್ಕು ಮಾರು. ಕಂಪನಿ ಇದನ್ನು ಅಲ್ಲಗಳೆಯುತ್ತದಾ?' ಕಂಪನಿ ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಮಧ್ಯಾಹ್ನದೊಳಗೆ ಷೇರಿನ ಬೆಲೆ ಮೂರರಲ್ಲಿ ಒಂದು ಪಾಲಿಗೆ ಬಂತು. ಮೂರು ಗಂಟೆಗೆ ಕ್ಲೆಮೆಂಟ್‌ನನ್ನು ಆಫೀಸಿಗೆ ಕರೆಸಿ, ಗೇಟಿನ ಕಾರ್ಡು ಕಿತ್ತುಕೊಂಡು ಮನೆಗೆ ಕಳಿಸಿದರು. ಗುಟ್ಟು ಹೊರಬಿದ್ದದ್ದು ಎಲ್ಲಿಂದ? ಆಫೀಸಿನ ಗುಮಾಸ್ತೆ ಇರಬಹುದು, ಗುತ್ತಿಗೆದಾರ ಇರಬಹುದು ಎಂದು ಹೆಡ್ಲಿ ಲೆಕ್ಕ ಹಾಕಿದ. ಡಿಲಿಸ್‌ಳ ಹೆಸರು ಆ ಪಟ್ಟಿಯಲ್ಲಿ ಒಮ್ಮೆಯೂ ಬರಲಿಲ್ಲ. ಬುಧವಾರ ರಾತ್ರಿ ಮಲಗುವ ಮುಂಚೆ ಅವಳಿಗೇ ಬರೆದ: 'ಯಾರು ಹೀಗೆ ಮಾಡಿರಬಹುದು? ಕ್ಲೆಮೆಂಟ್‌ನ ಮುಖ ಹೇಗೆ ನೋಡಲಿ?'

ಅದಕ್ಕೆ ಬಂದ ಉತ್ತರವೇ ಗುರುವಾರ ಬೆಳಿಗ್ಗೆಯದು. ಒಂದೇ ಕಂಪ್ಯೂಟರಿನಲ್ಲಿ ಹಲವು ಹೆಸರಿಟ್ಟುಕೊಂಡ ಮನುಷ್ಯ, ಒಂದು ಹೆಸರಿನಿಂದ ಹೊರಬಂದು ಇನ್ನೊಂದರಲ್ಲಿ ಹೊಗುವುದನ್ನು ಆತುರದಲ್ಲಿ ಮರೆತಿದ್ದ.

ಹೆಡ್ಲಿ ತನ್ನ ಫೋನ್ ನಂಬರ್ ಬರೆದು, ಕೆಳಗೆ ಇಷ್ಟೇ ಸೇರಿಸಿದ: 'ನೀನು ಯಾರು? ಫೋನ್ ಮಾಡು.' ಮಾಡುತ್ತಾನೆಂದು ಅವನು ನಂಬಿರಲಿಲ್ಲ. ಹನ್ನೊಂದು ಗಂಟೆಗೆ ಶಾಲೆಯ ಬಾಯ್ಲರ್ ಕೋಣೆಯಲ್ಲಿರುವಾಗ ಫೋನು ಬಂತು. ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತ.

"ಟ್ರೆಂಬಾತ್ ಅವರಾ?" ಗಂಡಸಿನ ದನಿ. ಸಣ್ಣ ದನಿ, ಶೀತವಾದಂತಿತ್ತು. "ನನ್ನ ಹೆಸರು ಕೀತ್. ತಪ್ಪಾಗಿ ಕಳಿಸಿಬಿಟ್ಟೆ. ಕ್ಷಮೆ ಕೇಳೋಣ ಅಂತ ಮಾಡಿದೆ."

"ಡಿಲಿಸ್ ಎಲ್ಲಿ?"

"ಡಿಲಿಸ್ ಅಂತ ಯಾರೂ ಇಲ್ಲ ಸರ್."

ಗೊತ್ತಿದ್ದ ಮಾತೇ. ಬೆಳಿಗ್ಗೆಯಿಂದ ಗೊತ್ತಿದ್ದದ್ದೇ. ಆದರೂ ಕಿವಿಯಾರೆ ಕೇಳಿದಾಗ ಯಾರೋ ಸತ್ತ ಸುದ್ದಿ ಕೇಳಿದಂತಾಯಿತು ಹೆಡ್ಲಿಗೆ. "ಅವಳ ಗಂಡ... ಕಲ್ಲಿದ್ದಲು..."

"ಅದೂ ಇಲ್ಲ. ನಾನು ಸ್ವಿಂಡನ್‌ನಲ್ಲಿರೋದು. ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳು. ಮೊದಲು ಒಂದು ಪ್ರಚಾರದ ಕಂಪನಿಯಲ್ಲಿದ್ದೆ ಸರ್. ಇಂಥ ಸಣ್ಣ ಗಣಿ ಕಂಪನಿಗಳಿಗೆ 'ತೃಪ್ತಿಕರ ಪ್ರಗತಿ' ಅಂತ ಬರೆದುಕೊಡೋದೇ ಕೆಲಸ. ಎಂಟು ವರ್ಷ ಬರೆದೆ. ಹತ್ತರಲ್ಲಿ ಒಂಬತ್ತು ಮುಳುಗಿದವು. ಆಮೇಲೆ ಮುಳುಗೋದರ ಮೇಲೇ ಹಣ ಹಾಕಿದ್ರೆ ಹೇಗೆ ಅನ್ನಿಸ್ತು."

"ನಮ್ಮ ಗಣಿ ಮೇಲೆ ಏನೋ ನಿನಗೆ ಹಗೆ?"

"ಹಗೆ?" ಅವನಿಗೆ ನಿಜಕ್ಕೂ ಅಚ್ಚರಿಯಾದಂತಿತ್ತು. "ಒಂದು ಚೂರೂ ಇಲ್ಲ. ನಿಮ್ಮದು ಒಂದು. ಇನ್ನೂ ನಾಲ್ಕು ಕಂಪನಿ ನೋಡ್ತೀನಿ. ಒಂದು ಔಷಧಿದು, ಒಂದು ಎಣ್ಣೇದು. ಪ್ರತಿಯೊಂದರಲ್ಲೂ ನಿಮ್ಮಂಥೋರು ಒಬ್ಬರಿರ್ತಾರೆ. ಊರಿನೋರು, ಒಳಗಿನ ಜನ ಗೊತ್ತಿರೋರು, ಮಾತಾಡೋಕೆ ಯಾರೂ ಸಿಗದೇ ಇರೋರು. ಬೈಯೋ ಹೆಸರಲ್ಲಿ ಹೋದ್ರೆ ಅವರು ಬಾಗಿಲು ಹಾಕ್ಕೋತಾರೆ. ಪಾಪ ಅನ್ನೋ ಹೆಸರಲ್ಲಿ ಹೋದ್ರೆ ಒಳಗೆ ಕರೆದು ಚಹಾ ಕೊಡ್ತಾರೆ."

ಬಾಯ್ಲರ್ ಗುಡುಗುಟ್ಟಿತು. ಹೆಡ್ಲಿ ಗೋಡೆಗೆ ಕೈಯೂರಿದ. ಬೈಗುಳ ಹುಡುಕಿದ. ಒಂದು ವರ್ಷ ನೀರಿನಂತೆ ಹರಿದಿದ್ದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಸುಳ್ಳ," ಎಂದ ಕೊನೆಗೆ. "ಹಸಿ ಸುಳ್ಳ ನೀನು."

"ಡಿಲಿಸ್ ವಿಷಯದಲ್ಲಿ ಹೌದು. ಅಳ್ತಾ ಮಾರಿದೋರು, ಸಮಾಧಾನ ಹೇಳಿದೋರು, ಅವರಲ್ಲಿ ಐವರು ನಾನೇ. ಅದೂ ಸುಳ್ಳು." ಅವನು ಕೆಮ್ಮಿದ. "ಆದ್ರೆ ನೀರು ಸುಳ್ಳಲ್ಲವಲ್ಲ ಸರ್. ಅದು ನೀವು ಹೇಳಿದ್ದು. ಬೇಜಾರ್ ಮಾಡ್ಕೋಬೇಡಿ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತೀನಿ. ನಿಮ್ಮ ಹಾಡೋ ಗೆಳೆಯರಿಗೆ ಹೇಳಿದ್ರಾ? ಅವರು ಮಾರ್ಕೊಂಡ್ರಾ?"

ಹೆಡ್ಲಿ ಫೋನು ಇಟ್ಟ. ಇಟ್ಟ ಮೇಲೂ ಆ ಪ್ರಶ್ನೆ ಕೋಣೆಯಲ್ಲೇ ಇತ್ತು. ಮೋಸಗಾರನ ಬಾಯಲ್ಲಿ ಬಂದದ್ದೆಂದು ಅದನ್ನು ಕೊಡವಿಕೊಳ್ಳಲು ನೋಡಿದ, ಆಗಲಿಲ್ಲ. ಮೂವತ್ತು ವರ್ಷ ಪಕ್ಕದಲ್ಲಿ ನಿಂತು ಹಾಡಿದವನಿಗೆ ಭಯವಿಲ್ಲ ಎಂದಿದ್ದ. ಹುಟ್ಟೇ ಇಲ್ಲದ ಹೆಂಗಸಿಗೆ ಮಾರಿಬಿಡಿ ಎಂದಿದ್ದ. ಆ ಹನ್ನೊಂದು ತಿಂಗಳಲ್ಲಿ ಅವನು ಒಬ್ಬರಿಗೆ ಮಾತ್ರ ನಿಜ ಹೇಳಿದ್ದ, ಆ ಒಬ್ಬರು ಗ್ರೇಹೆರನ್. ಊಟದ ಗಂಟೆ ಹೊಡೆದು, ಮಕ್ಕಳು ಅಂಗಳಕ್ಕೆ ನುಗ್ಗಿ, ಮತ್ತೆ ಒಳಗೆ ಹೋಗುವವರೆಗೂ ಅವನು ಬಕೆಟ್ಟಿನ ಮೇಲೆ ಕೂತೇ ಇದ್ದ.

ಸಂಜೆ ಥೆಲ್ಮಾಳಿಗೆ ಎಲ್ಲ ಹೇಳಿದ. ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಷೇರು ಬಿದ್ದದ್ದು ಅವಳಿಗೆ ಗೊತ್ತಿತ್ತು, ಅದಕ್ಕೆ ಅವಳು ಅತ್ತಿರಲಿಲ್ಲ. ಈಗ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟಳು.

"ನಿನ್ನಪ್ಪ ಸತ್ತ ದಿನದ್ದೂ ಹೇಳಿದ್ಯಾ ಅವಳಿಗೆ? ಅವನಿಗೆ?"

"ಹೇಳಿದೆ."

"ಮದುವೆಯಾಗಿ ಮೂವತ್ತೆಂಟು ವರ್ಷ. ನನಗೆ ಒಂದು ದಿನ ಹೇಳಿಲ್ಲ ನೀನು." ಅವಳ ದನಿ ಏರಲಿಲ್ಲ. "ನಾನು ಕೇಳಿದಾಗಲೆಲ್ಲ, 'ಬಿಡು ಥೆಲ್ಮಾ, ಹಳೇ ಕಥೆ' ಅಂತಿದ್ದೆ."

ಅವನು ಏನೋ ಹೇಳಹೋದ. ಅವಳು ಕೈಯೆತ್ತಿ ತಡೆದಳು. "ನನಗೆ ಆಮೇಲೆ ಹೇಳು. ಕ್ಲೆಮೆಂಟ್ ಹತ್ರ ಹೋಗು ಮೊದಲು."

ಕ್ಲೆಮೆಂಟ್ ಅಡುಗೆಮನೆಯ ಮೇಜಿಗೆ ಮೊಣಕೈಯೂರಿ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಬಾಯಿ ಸ್ವಲ್ಪ ತೆರೆದುಕೊಂಡಿತು. "ನಾನು ನನ್ನ ಹೆಂಡ್ತಿಗೂ ಹೇಳಿರಲಿಲ್ಲ ಕಣೋ," ಎಂದ. "ಆಫೀಸಿಗೆ ಹೋಗಿ ತಪ್ಪು ನಂದು ಅಂತ ಹೇಳ್ತೀನಿ" ಎಂದು ಹೆಡ್ಲಿ ಎದ್ದಾಗ, ತೋಳು ಹಿಡಿದು ಕೂರಿಸಿದ. "ಹೇಳಿ ಏನ್ ಮಾಡ್ತೀಯ? ನಿನಗೆ ಹೇಳಿದ್ದು ನಾನೇ ಅಂತ ಗಟ್ಟಿಯಾಗುತ್ತೆ ಅಷ್ಟೇ. ಆಫೀಸು ಬಿಡು. ಆ ಹದಿನೇಳು ಜನಕ್ಕೆ ಹೇಳು. ಇನ್ನೂ ಮೂರರಲ್ಲಿ ಒಂದು ಪಾಲು ಉಳಿದಿದೆ. ಅದೂ ಹೋಗುತ್ತೆ."

ತಂಡವನ್ನು ಶುಕ್ರವಾರವೇ ಕೂಡಿಸಿದರು. ಹಾಡಿಗಲ್ಲ ಎಂದು ತಿಳಿದೇ ಎಲ್ಲರೂ ಬಂದಿದ್ದರು. ಹೆಡ್ಲಿ ಕೋಟು ಬಿಚ್ಚದೆ ನಿಂತುಕೊಂಡೇ ಹೇಳಿದ. ಡಿಲಿಸ್‌ಳ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ತಕ್ಷಣ ನಿಲ್ಲಿಸಿದರು. ನೀರಿನ ವಿಷಯ ತನಗೆ ಫೆಬ್ರವರಿಯಲ್ಲೇ ಗೊತ್ತಿತ್ತು ಎಂದ.

"ಯಾವ ದಿನ?" ಗಾರ್‌ಫೀಲ್ಡ್ ಕೇಳಿದ.

"ಏನು?"

"ಫೆಬ್ರವರಿ ಯಾವ ದಿನ? ನಾನು ನಿನ್ನ ಕೇಳಿದ್ದು ಹನ್ನೆರಡನೇ ತಾರೀಕು. ಅದಕ್ಕೆ ಮುಂಚೇನಾ, ಆಮೇಲಾ?"

ಹೆಡ್ಲಿ ಸುಳ್ಳು ಹೇಳಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. "ಮುಂಚೆ," ಎಂದ.

ಗಾರ್‌ಫೀಲ್ಡ್‌ನ ಮುಖದಲ್ಲಿ ಸಿಟ್ಟು ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಗುರುತು ಸಿಗದವನನ್ನು ನೋಡುವಂತೆ ಹೆಡ್ಲಿಯನ್ನು ನೋಡಿದ, ಟೋಪಿ ಹುಡುಕಿ ತೆಗೆದುಕೊಂಡ, ಹೊರಟುಹೋದ.

ಸೋಮವಾರ ಹನ್ನೊಂದು ಮಂದಿ ಮಾರಿದರು. ಉಳಿದವರು ಮಾರಲಿಲ್ಲ, ಆ ಶಾರ್ಟ್ ಮಾಡುವವನು ಬೇಕೆಂದೇ ಹೆಡ್ಲಿಗೆ ಫೋನು ಮಾಡಿ ತಲೆಕೆಡಿಸಿದ್ದಾನೆ, ನಾವು ಮಾರಿದರೆ ಅವನಿಗೇ ಲಾಭ ಎಂದರು. ಗಾರ್‌ಫೀಲ್ಡ್ ಅವರಲ್ಲೊಬ್ಬ. ಹೆಡ್ಲಿ ಹೇಳಿದ್ದಕ್ಕೆ ಕೊಂಡವನು, ಹೆಡ್ಲಿ ಹೇಳಿದ್ದಕ್ಕೆ ಮಾರಲು ಅವನಿಗೆ ಮನಸ್ಸೊಪ್ಪಲಿಲ್ಲ.

ಇನ್ನೂ ಒಂದು ಕೆಲಸ ಉಳಿದಿತ್ತು. ಚರ್ಚಾಕಟ್ಟೆಯಲ್ಲಿ ಬರ್ಮಿಂಗ್‌ಹ್ಯಾಮ್, ಲೀಡ್ಸ್‌ನವರು ತನ್ನ ಮಾತು ನಂಬಿ ಕೂತಿದ್ದರಲ್ಲ. ಹೆಡ್ಲಿ ಮುಂದಿನ ಭಾನುವಾರ ಮಧ್ಯಾಹ್ನ ಪೂರಾ ಕೂತು, ತನ್ನ ನಿಜವಾದ ಹೆಸರು, ಊರಿನ ಹೆಸರು ಹಾಕಿ ಬರೆದ. ನೀರಿನ ಬಗ್ಗೆ ಹೇಳಿದ್ದು ನಿಜ, ಗ್ರೇಹೆರನ್ ನಮ್ಮನ್ನು ವಂಚಿಸಿದ, ಆದರೆ ನಾನೂ ನಿಮ್ಮನ್ನು ವಂಚಿಸಿದೆ, ಕ್ಷಮಿಸಿ ಎಂದು ಬರೆದ. ಕಳಿಸಿ, ಬೈಗುಳಕ್ಕೆ ಸಿದ್ಧನಾಗಿ ಕೂತ.

ಬೈಗುಳ ಬಂತು. ಆದರೆ ಅವನು ಎಣಿಸಿದ ಬೈಗುಳವಲ್ಲ.

'ಎಷ್ಟು ಕೊಟ್ರು ನಿನಗೆ?'

'ಪ್ರಿಸ್ಕ್‌ಮ್ಯಾನ್ ಹೆಸರನ್ನ ಯಾರೋ ಶಾರ್ಟ್ ಮಾಡೋನು ಕದ್ದಿದ್ದಾನೆ. ನಮ್ಮ ಪ್ರಿಸ್ಕ್‌ಮ್ಯಾನ್ ಹೀಗೆ ಬರೆಯೋನೇ ಅಲ್ಲ.'

'ಕಾರ್ನ್‌ವಾಲ್ ಕಣ್ಣಲ್ಲೂ ನೋಡಿರಲ್ಲ ಇವನು. ಲಂಡನ್ನಿನಲ್ಲಿ ಕೂತು ಬೊಗಳ್ತಿದ್ದಾನೆ.'

ಹೆಡ್ಲಿ ಗಣಿಯ ಗೋಪುರದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಹಾಕಿದ. ಅದು ನಕಲಿ ಎಂದರು. ಒಬ್ಬ ಮಾತ್ರ ಅವನ ಪರವಾಗಿ ಬರೆದ: 'ಇವರು ಪ್ರಾಮಾಣಿಕರು ಅನ್ನಿಸುತ್ತೆ. ನಾನೂ ಎರಡು ವರ್ಷ ನಂಬಿದವನೇ.' ಆ ವಾಕ್ಯ ಎಲ್ಲಿ ಓದಿದ್ದೇನೆಂದು ಹೆಡ್ಲಿಗೆ ನೆನಪಾಯಿತು. ಕೀತ್ ಇನ್ನೂ ಅಲ್ಲೇ ಇದ್ದ. ಹೆಡ್ಲಿಯ ತಪ್ಪೊಪ್ಪಿಗೆಯಿಂದಲೂ ಅವನಿಗೆ ಲಾಭವೇ. ಹೆಡ್ಲಿ ಕಂಪ್ಯೂಟರಿನ ಪ್ಲಗ್ ಕಿತ್ತ.

ಜುಲೈಯಲ್ಲಿ ಕಂಪನಿ ನೀರಿನ ಸಂಗತಿ ಒಪ್ಪಿಕೊಂಡಿತು. ಅದೇ ದಿನ ಷೇರಿನ ವ್ಯಾಪಾರ ನಿಂತಿತು. ಹ್ಯಾಡ್ಲೋ ಕೆನಡಾದಲ್ಲಿ ಇನ್ನೊಂದು ಗಣಿ ನೋಡಲು ಹೋಗಿದ್ದಾನೆಂದು ಪತ್ರಿಕೆಯಲ್ಲಿ ಬಂತು. ಕ್ಲೆಮೆಂಟ್‌ಗೆ ಕಲ್ಲುಕ್ವಾರಿಯೊಂದರಲ್ಲಿ ಕೆಲಸ ಸಿಕ್ಕಿತು. ಅವನು ಹೆಡ್ಲಿಯ ಜೊತೆ ಮಾತು ಬಿಡಲಿಲ್ಲ, ಆದರೆ ಕೆಲಸದ ವಿಷಯ ಬಂದರೆ ಬೇರೆ ಮಾತಿಗೆ ತಿರುಗುತ್ತಿದ್ದ. ಗಾರ್‌ಫೀಲ್ಡ್‌ನ ಮಗಳು ಮನೆ ಕೊಳ್ಳಲಿಲ್ಲ. ಥೆಲ್ಮಾ ಒಂದು ಭಾನುವಾರ ಹೆಡ್ಲಿಯನ್ನು ಎದುರಿಗೆ ಕೂರಿಸಿಕೊಂಡು, "ಈಗ ಹೇಳು, ನಿಮ್ಮಪ್ಪನ ವಿಷಯ" ಎಂದಳು. ಅವನು ಹೇಳಿದ. ಡಿಲಿಸ್‌ಗೆ ಬರೆದಷ್ಟು ಚೆನ್ನಾಗಿ ಹೇಳಲಾಗಲಿಲ್ಲ, ತಡವರಿಸಿದ, ನಡುವೆ ನಿಲ್ಲಿಸಿದ. ಅವಳು ಕಾದಳು.

ಅಕ್ಟೋಬರ್‌ನಲ್ಲಿ ಗಾರ್‌ಫೀಲ್ಡ್ ತಂಡಕ್ಕೆ ಮರಳಿ ಬಂದ. ಮಂದ್ರದ ಸಾಲಿಗೇ ಬಂದು, ಆ ತುದಿಯಲ್ಲಿ ನಿಂತ. ಹಾಡಿಸುವವರು "ಸಾಲು ಒಡೆದಿದೆ, ಹತ್ತಿರ ಹತ್ತಿರ ನಿಲ್ಲಿ" ಎಂದರು. ಅವನು ಎರಡು ಹೆಜ್ಜೆ ಸರಿದ. ಹಾಡು ಮುಗಿದ ಮೇಲೆ ಎಂದಿನಂತೆ ಚಹಾದ ಮೇಜಿಗೆ ಹೋಗಿ, ಎಲ್ಲರ ಲೋಟಕ್ಕೂ ಬಗ್ಗಿಸಿ, ಯಾರ್‍ಯಾರಿಗೆ ಎಷ್ಟೆಷ್ಟು ಬೇಕೆಂದು ಕೇಳದೆ ಬೆರೆಸಿ ಕೊಟ್ಟ. ಹೆಡ್ಲಿಯ ಸರದಿ ಬಂದಾಗ ಚಮಚ ಕೈಯಲ್ಲಿ ಹಿಡಿದು ನಿಂತ.

"ಸಕ್ಕರೆ ಎಷ್ಟು?" ಎಂದು ಕೇಳಿದ.

ಹೆಡ್ಲಿ ಒಂದು ಕ್ಷಣ ಅವನ ಮುಖ ನೋಡಿದ. ಗಾರ್‌ಫೀಲ್ಡ್ ತಮಾಷೆ ಮಾಡುತ್ತಿರಲಿಲ್ಲ.

"ಎರಡು," ಎಂದ ಹೆಡ್ಲಿ.